ಮನಸ್ಸಿಗೆ ಬಂದಂಗ ಬಾರ್ಸೋದಲ್ಲ ಮಾವಾ!

"ಮನಸ್ಸಿಗೆ ಬಂದಂಗ ಬಾರ್ಸೋದಕ್ಕ ದಿನಾ ಎರಡು ತಾಸು ಪ್ರಾಕ್ಟೀಸ್ ಯಾಕಪ್ಪಾ?"

ಕಂಪ್ಲಿಯ ನಮ್ಮ ಸೋದರಮಾವನ ಪ್ರಶ್ನೆ ಇದು. ಜಾಝ್ ಗಿಟಾರ್ ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಕೇಳೋದು ಇದನ್ನೇ. ಮಾವನಿಗಾದ್ರೆ ಸಂಗೀತ ಗೊತ್ತಿಲ್ಲ, ಬಿಡಿ. ಆದ್ರೆ ಕಛೇರಿಯಲ್ಲಿ ಮುಂದಿನ ಸಾಲಲ್ಲಿ ಕೂತು ಕಲ್ಪನಾಸ್ವರಕ್ಕೆ ತೊಡೆ ತಟ್ಟೋ ಹಿರಿಯರೂ ಇದೇ ಮಾತಾಡಿದ್ರೆ ಸಿಟ್ಟು ಬರಲ್ವಾ? ಕಲ್ಪನಾಸ್ವರವೂ ಆ ಕ್ಷಣಕ್ಕೆ ಹುಟ್ಟಿದ್ದೇ ತಾನೇ ಸ್ವಾಮೀ? ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು, ಗಿಟಾರಿಗೆ ಮಾತ್ರ ಬೇಡ. ಇದ್ಯಾವ ನ್ಯಾಯ?

ನಾನು ಒದ್ದಾಡ್ತಿರೋದು ಒಂದೇ ಗಿಟಾರಿನಲ್ಲಿ ಎರಡು ಸಾಲು ನುಡಿಸೋಕೆ. ಕೆಳಗೆ ಕಾರ್ಡ್ ಹಿಡಿದು ಮೇಲೊಂದು ಟ್ಯೂನ್ ಬಾರಿಸೋದಲ್ಲ ಇದು. ಎರಡೂ ತಮ್ಮ ಪಾಡಿಗೆ ನಡೆಯೋ ಎಳೆಗಳು. ಒಂದು ನಿಂತಾಗ ಇನ್ನೊಂದು ಓಡಬೇಕು, ಒಂದು ಏರುವಾಗ ಇನ್ನೊಂದು ಇಳಿಯಬೇಕು. ಬೆನ್ನಿ ಗುಡ್‌ಮನ್ ಜೊತೆ ನುಡಿಸಿದ್ದ ಅಮೆರಿಕದ ಜಿಮ್ಮಿ ವೈಬಲ್ (2010ರಲ್ಲಿ ತೀರಿಕೊಂಡರು) ಇದಕ್ಕೆಂದೇ ಪಾಠಗಳನ್ನ ಬರೆದಿಟ್ಟಿದ್ದಾರೆ. ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಎರಡು ಥ್ರೆಡ್, ಒಂದೇ ತಲೆ :-)

ನಾನು ಮಾಡೋ ಒಂದು ಅಭ್ಯಾಸ ಹೇಳ್ತೀನಿ, ಕೈಲಿ ಗಿಟಾರ್ ಇದ್ರೆ ಮಾಡಿ ನೋಡಿ. ಮಾಯಾಮಾಳವಗೌಳದ ಮೊದಲ ಸರಳೆ ವರಸೆ ಎಲ್ಲರಿಗೂ ಗೊತ್ತು. ಅದನ್ನ ಬೆರಳಲ್ಲಿ ಮೇಲಿನ ಸ್ಥಾಯಿಯಲ್ಲಿ ಶುರು ಮಾಡಿ. ಎರಡು ಸ್ವರ ಆದಮೇಲೆ ಹೆಬ್ಬೆರಳಲ್ಲಿ ಅದೇ ಸರಳೆಯನ್ನ ಕೆಳಗಿನ ಸ್ಥಾಯಿಯಲ್ಲಿ ಶುರು ಮಾಡಿ. ಮೇಲೆ ಗ ಬಂದಾಗ ಕೆಳಗೆ ಸ, ಮ ಬಂದಾಗ ರಿ, ಪ ಬಂದಾಗ ಗ... ಕೇಳೋಕೆ ಹಿತವಾಗಿ ಸಾಗುತ್ತೆ. ಮೇಲಿನ ಸಾಲು ತಾರಸ್ಥಾಯಿ ಮುಟ್ಟಿ ತಿರುಗಿದ ಕೂಡಲೇ ಮೇಲೆ ಸ, ಕೆಳಗೆ ನಿ. ಮರುಕ್ಷಣವೇ ಮೇಲೆ ನಿ, ಕೆಳಗೆ ಸ. ಎರಡು ಸಲ ಕಚ್ಚಾಟ! ಆಮೇಲೆ ದ-ಸ ಬಂದು ಬಾಗಿಲು ತೆಗೆದಂಗಾಗುತ್ತೆ. ಆ ಕಚ್ಚಾಟದ ಜಾಗದಲ್ಲಿ ಏನು ಮಾಡ್ತೀರಿ? ಒಂದನ್ನ ತಡೆದು ನಿಲ್ಲಿಸ್ತೀರೋ, ಇನ್ನೊಂದನ್ನ ಬೇಗ ಇಳಿಸ್ತೀರೋ, ಕಚ್ಚಾಡ್ಕೊಳ್ಳಲಿ ಅಂತ ಬಿಡ್ತೀರೋ? ಇಂಪ್ರೊವೈಸ್ ಮಾಡೋದು ಅಂದ್ರೆ ಇದನ್ನ ಆ ಗಳಿಗೆಯಲ್ಲಿ ತೀರ್ಮಾನಿಸೋದು. ನಿಧಾನ ಲಯದಲ್ಲಿ ನೂರು ಸಲ ತಿರುಗಿಸದೆ ಬೆರಳಿಗೆ ಆ ಸ್ವಾತಂತ್ರ್ಯ ಬರಲ್ಲ. (ಗಮಕ ಇಲ್ಲದ್ದು ರಾಗ ಅಲ್ಲ, ಬರೀ ಮೇಳದ ಏಳು ಸ್ವರ ಅಂತ ಗೊತ್ತು, ಬೈಯೋಕೆ ಬರಬೇಡಿ.)

ಅಂದಹಾಗೆ ಈ ಸರಳೆ ಹಾಕಿಕೊಟ್ಟವರು ಪುರಂದರದಾಸರು ಅಂತ ಪ್ರತೀತಿ. ಅವರ ಹೆಸರಿನ ಮಂಟಪ ಇರೋದು ನಮ್ಮ ಹಂಪಿಯ ಹೊಳೆದಂಡೆಯಲ್ಲಿ, ಡ್ಯಾಮಿಂದ ಜಾಸ್ತಿ ನೀರು ಬಿಟ್ಟಾಗ ಮುಳುಗುತ್ತೆ.

ಇನ್ನೊಂದು ಕಡೆ ಸಂಡೂರಿನ ಗೆಳೆಯ. "ಇಷ್ಟ್ಯಾಕ ಕಷ್ಟ ಪಡ್ತೀಯಲೇ, ಪೆನ್‌ಡ್ರೈವ್‌ನಾಗ ಟ್ರ್ಯಾಕ್ ಹಾಕು, ಮ್ಯಾಲ ನಾಕು ಸ್ವರ ಬಾರ್ಸು, ಫ್ಯೂಷನ್ ಅನ್ನು, ಮುಗೀತು" ಅಂತಾನೆ. ಯಾವ ಉತ್ಸವ ಅಂತ ಹೆಸರು ಬೇಡ, ನಾನು ನೋಡಿದ ವೇದಿಕೆಗಳಲ್ಲಿ ನಡೆಯೋದೂ ಅದೇ. ಹತ್ತು ಸದ್ದು ಒಟ್ಟಿಗೆ ಬಂದ ಮಾತ್ರಕ್ಕೆ ಹತ್ತು ಸಾಲು ಆಗಲ್ಲ ಕಣೋ! ಟ್ರ್ಯಾಕ್ ನಿನ್ನ ಮಾತು ಕೇಳಿಸಿಕೊಳ್ಳಲ್ಲ. ನೀನು ತಪ್ಪಿದರೂ ಅದು ಓಡ್ತಾನೇ ಇರುತ್ತೆ. ಇದರಿಂದ ನಷ್ಟ ಆಗೋದು ಊರಲ್ಲಿ ಈಗ ಗಿಟಾರ್ ಹಿಡೀತಿರೋ ಹುಡುಗರಿಗೆ. ನಾಲ್ಕು ಕಾರ್ಡ್, ಒಂದು ಟ್ರ್ಯಾಕ್, ಇನ್ನೇನೂ ಕಲಿಯೋಕಿಲ್ಲ ಅಂದ್ಕೊಂಡು ಆರು ತಿಂಗಳಿಗೆ ಗಿಟಾರ್ ಅಟ್ಟಕ್ಕೆ ಹಾಕ್ತಾರೆ.

"ಇದು ನಮ್ಮ ನೆಲದ್ದಲ್ಲ" ಅನ್ನೋರಿಗೆ ಒಂದೇ ಮಾತು. 1964ರಲ್ಲಿ ಬೆಂಗಳೂರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಗಾಯಕಿ ಆರ್.ಎ. ರಮಾಮಣಿ ಇವರೆಲ್ಲ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲೇ 'ಜ್ಯೋತಿ' ಅನ್ನೋ ಆಲ್ಬಂ ಮಾಡಿದ್ದಾರೆ. ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಕಂಠ, ಸ್ಯಾಕ್ಸೋಫೋನ್ ಎರಡರಲ್ಲಿ ಯಾವುದು ಯಾವುದಕ್ಕೆ ಹಿನ್ನೆಲೆ ಅಂತ ಕಾಮೆಂಟಲ್ಲಿ ಬರೀರಿ. ಜಗಳಕ್ಕೆ ನಾನು ರೆಡಿ.