ವಿಡಿಯೊ ಪಾಠ ಉಳಿಸಿದ ಜೀವಗಳು

ಮಕ್ಕಳೇ, ಇಂಗ್ಲೆಂಡಿನ ಟಿಲ್ಲಿ ಸ್ಮಿತ್‌ಗೆ ಆಗ 10 ವರ್ಷ. ಭೂಗೋಳದ ಮೇಷ್ಟ್ರು ತರಗತಿಯಲ್ಲಿ ಹವಾಯಿ ದ್ವೀಪದ ಸುನಾಮಿಯ ವಿಡಿಯೊ ತೋರಿಸಿದ್ದರು. ಎರಡೇ ವಾರ ಕಳೆದಿತ್ತು. 2004ರ ಡಿಸೆಂಬರ್ 26ರಂದು ಅವಳು ಮನೆಯವರ ಜತೆ ಥಾಯ್ಲೆಂಡಿನ ಕಡಲತೀರದಲ್ಲಿದ್ದಳು. ನೀರು ನೊರೆನೊರೆಯಾಗಿ ಮೇಲೇರುತ್ತಿತ್ತು, ಹಿಂದೆ ಸರಿಯುತ್ತಲೇ ಇರಲಿಲ್ಲ. ವಿಡಿಯೊದಲ್ಲಿ ಕಂಡದ್ದೂ ಇದೇ! ಸುನಾಮಿ ಬರುತ್ತದೆಂದು ಕೂಗಿದಳು. ಅಮ್ಮ ಮೊದಲು ನಂಬಲಿಲ್ಲ. ಟಿಲ್ಲಿ ಹಟ ಬಿಡಲಿಲ್ಲ. ಅಪ್ಪ ಹೋಟೆಲಿನ ಕಾವಲುಗಾರನಿಗೆ ತಿಳಿಸಿದರು. ಸುಮಾರು ನೂರು ಜನ ತೀರ ಬಿಟ್ಟು ಓಡಿದರು, ಬದುಕಿಕೊಂಡರು.

ಅಜ್ಜ ಅಜ್ಜಿಯರೇ, ಶಾಲೆಯ ಪರದೆಯಲ್ಲಿ ಪ್ರವಾಹ, ಭೂಕುಸಿತ ನೋಡಿ ಬಂದ ಮೊಮ್ಮಕ್ಕಳು ಏನಾದರೂ ಹೇಳಿದರೆ ನಕ್ಕು ಸುಮ್ಮನಾಗಬೇಡಿ. ಕಿವಿಗೊಡಿ. ನೀವು ಕಂಡ ನೆರೆಯ ಕಥೆಯನ್ನೂ ಅವರಿಗೆ ಹೇಳಿ.