ಲಾಳ ಕಟ್ಟುವವರು ಹೋದರು, ಹಸುವಿನ ಗೊರಸು ಕೇಳುವವರಿಲ್ಲ

ವೈದ್ಯನಾಥಪುರವಾಗಲಿ, ಮದ್ದೂರು ಸುತ್ತಿನ ಬೇರೆ ಯಾವ ಊರಾಗಲಿ, ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಒಮ್ಮೆ ಕೊಟ್ಟಿಗೆಯಲ್ಲಿ ಬಗ್ಗಿ ನೋಡಿ. ಸಿಮೆಂಟ್ ನೆಲದ ಮೇಲೆ ವರ್ಷಗಟ್ಟಲೆ ಕಟ್ಟಿಹಾಕಿದ ಸೀಮೆಹಸುವಿನ ಹಿಂಗಾಲು ನೋಡಿ. ಗೊರಸು ಹಳೇ ಚಪ್ಪಲಿಯ ಹಾಗೆ ಮುಂದಕ್ಕೆ ಚಾಚಿದೆಯೇ? ತುದಿ ಮೇಲಕ್ಕೆ ಬಾಗಿದೆಯೇ? ನಿಂತಲ್ಲೇ ಕಾಲು ಬದಲಿಸುತ್ತಿದೆಯೇ? ಹಾಗಿದ್ದರೆ ಆ ಹಸುವಿಗೆ ನೋವಿರಬಹುದು.

ಗೊರಸು ನಮ್ಮ ಉಗುರಿನ ಹಾಗೆ. ತಿಂಗಳಿಗೆ ಸುಮಾರು ಅರ್ಧ ಸೆಂಟಿಮೀಟರ್ ಬೆಳೆಯುತ್ತದೆ. ಮೇಯಲು ಹೋಗುವ ದನಕ್ಕೆ ನಡೆದು ನಡೆದೇ ಸವೆಯುತ್ತದೆ. ಕಟ್ಟಿದ ಹಸುವಿಗೆ ಎಲ್ಲಿಯ ನಡಿಗೆ? ತುದಿ ಉದ್ದವಾದಷ್ಟೂ ಭಾರ ಹಿಮ್ಮಡಿಗೆ ಬೀಳುತ್ತದೆ, ಒಳಗಿನ ಮೂಳೆ ಅಂಗಾಲನ್ನು ಒತ್ತುತ್ತದೆ, ಹುಣ್ಣಾಗುತ್ತದೆ. ಕುಂಟುವ ಹಸು ಸರಿಯಾಗಿ ಮೇಯುವುದಿಲ್ಲ, ಹಾಲು ಇಳಿಯುತ್ತದೆ, ಬೆದೆಗೆ ಬಂದದ್ದೂ ಗೊತ್ತಾಗುವುದಿಲ್ಲ. ನಾವು ಫೀಡ್ಸ್ ಬದಲಿಸುತ್ತೇವೆ, ಇಂಜೆಕ್ಷನ್ ಹಾಕಿಸುತ್ತೇವೆ, ಕೊನೆಗೆ ಸಂತೆಗೆ ಹೊಡೆಯುತ್ತೇವೆ. ಕಾಲು ಎತ್ತಿ ಮಾತ್ರ ನೋಡುವುದಿಲ್ಲ.

ಈ ಕೈಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಕಬ್ಬಿನ ಗಾಡಿ ಎಳೆಯುವ ಎತ್ತುಗಳು ಟಾರು ರಸ್ತೆಯಲ್ಲಿ ಫ್ಯಾಕ್ಟರಿಗೆ ಹೋಗುತ್ತಿದ್ದ ಕಾಲದಲ್ಲಿ ಲಾಳ ಕಟ್ಟುವವರು ಇದ್ದರು. ಎತ್ತನ್ನು ಕೆಡವಿ, ಕಾಲು ಬಿಗಿದು, ಮೊದಲು ಬೆಳೆದ ಗೊರಸನ್ನು ಹೆರೆದು ಮಟ್ಟ ಮಾಡಿ, ಆಮೇಲೆ ಲಾಳ ಹೊಡೆಯುತ್ತಿದ್ದರು. ಟ್ರ್ಯಾಕ್ಟರ್ ಬಂತು, ಎತ್ತು ಹೋಯಿತು, ಎತ್ತಿನ ಜೊತೆ ಆ ಕಸುಬೂ ಹೋಯಿತು. ಎತ್ತಿನ ಜಾಗಕ್ಕೆ ಬಂದ ಹಸುವಿಗೂ ಕಾಲಿದೆ ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ಪಕ್ಕದ ಕುಣಿಗಲ್ ಕುದುರೆ ಫಾರಂಗೆ ಟಿಪ್ಪು ಕಾಲದ ಇತಿಹಾಸವಿದೆ. ರೇಸಿನ ಕುದುರೆ ಸಾಕುವವರು ಲಾಳ ಇರಲಿ ಬಿಡಲಿ, ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಹೆರೆಸುತ್ತಾರೆ. ಹಸುವಿಗೆ ವರ್ಷಕ್ಕೆ ಎರಡು ಸಲ ಸಾಕು. ಅಷ್ಟಕ್ಕೂ ನಮ್ಮಲ್ಲಿ ಜನ ಸಿಗುವುದಿಲ್ಲ.

ಹಾಗಂತ ಕುಡುಗೋಲು ಹಿಡಿದು ನೀವೇ ಕೂರಬೇಡಿ. ಗೊರಸಿನೊಳಗೆ ಜೀವವಿದೆ, ರಕ್ತವಿದೆ. ವರ್ಷಗಟ್ಟಲೆ ಬೆಳೆದದ್ದನ್ನು ಒಂದೇ ದಿನ ಸರಿ ಮಾಡಲು ಹೋದರೆ ಇದ್ದ ಕುಂಟೂ ಹೆಚ್ಚಾಗುತ್ತದೆ. ದೊಡ್ಡ ಸೀಮೆಹಸುವಿಗೆ ಮುಂಭಾಗದ ಉದ್ದ ಸುಮಾರು ಏಳೂವರೆ ಸೆಂಟಿಮೀಟರ್ ಉಳಿಸಬೇಕು. ಅಂಗಾಲು ಹೆಬ್ಬೆರಳಿಗೆ ಮೆತ್ತಗೆ ಸಿಕ್ಕಿದರೆ ಅಲ್ಲಿಗೆ ನಿಲ್ಲಿಸಬೇಕು. ಗಬ್ಬದ ಹಸುವನ್ನಂತೂ ಎತ್ತಿನ ಹಾಗೆ ಹಗ್ಗ ಹಾಕಿ ಕೆಡವಲೇಬಾರದು. ನಿಲ್ಲಿಸಿ ಕಟ್ಟುವ ಕಬ್ಬಿಣದ ಚೌಕಟ್ಟು ಬೇಕು. ಇದೆಲ್ಲ ಕಲಿತು ಮಾಡುವ ಕೆಲಸ.

ಕಲಿಸುವವರು ಯಾರು ಎನ್ನುವುದೇ ನಮ್ಮ ಪ್ರಶ್ನೆ. ಹಸು ಬೆದೆಗೆ ಬಂದರೆ ಮನೆ ಬಾಗಿಲಿಗೆ ಬಂದು ಇಂಜೆಕ್ಷನ್ ಕೊಡುವ ಹುಡುಗರನ್ನು ತಯಾರು ಮಾಡಿದ ವ್ಯವಸ್ಥೆಗೆ, ನಾಲ್ಕೈದು ಊರಿಗೊಬ್ಬ ಗೊರಸು ಹೆರೆಯುವವನನ್ನು ತಯಾರು ಮಾಡುವುದು ಕಷ್ಟವೇನಲ್ಲ. ಗೆಜ್ಜಲಗೆರೆಯ ಮನ್‌ಮುಲ್ ಮತ್ತು ಪಶುಪಾಲನಾ ಇಲಾಖೆ ಸೇರಿ ತರಬೇತಿ ಕೊಡಲಿ. ಚೌಕಟ್ಟು, ಚಾಕು ಡೇರಿಯಲ್ಲಿರಲಿ. ಹಸುವಿಗಿಷ್ಟು ಎಂದು ಕೂಲಿ ನಿಗದಿಯಾದರೆ ಊರಿನ ಹುಡುಗನಿಗೂ ಒಂದು ದುಡಿಮೆ. ದುಡ್ಡೆಲ್ಲಿಂದ ಎನ್ನುವವರು, ಕುಂಟುವ ಹಸುವನ್ನು ಸಂತೆಯಲ್ಲಿ ಎಷ್ಟಕ್ಕೆ ಮಾರಿದೆವು ಎಂದು ಒಮ್ಮೆ ನೆನಪಿಸಿಕೊಳ್ಳಲಿ.

ಈ ಸಲದ ಡೇರಿ ಮಹಾಸಭೆಯಲ್ಲಿ ಬೋನಸ್ ಲೆಕ್ಕ ಮುಗಿದ ಮೇಲೆ ಯಾರಾದರೂ ಎದ್ದು ಇದನ್ನು ಕೇಳಿ. ಅಲ್ಲಿವರೆಗೆ ಕೊಟ್ಟಿಗೆ ಒಣಗಿರುವಂತೆ ನೋಡಿಕೊಳ್ಳಿ, ಹಸು ಈಗಾಗಲೇ ಕುಂಟುತ್ತಿದ್ದರೆ 1962ಕ್ಕೆ ಫೋನ್ ಮಾಡಿ.