ಭೂತಕಾಲವೊಂದು, ರೂಪಗಳೆರಡು

ಸ್ಪ್ಯಾನಿಷ್ ಭಾಷೆಯ ಪೂರ್ಣ, ಅಪೂರ್ಣವೆಂಬ ಎರಡು ಸರಳ ಭೂತಕಾಲಗಳನ್ನು ಅವಧಿಯ ಅಳತೆಯಿಂದ ವಿಂಗಡಿಸುವುದು ಸಲ್ಲದು. ಮೂರನೆಯ ಕಾರ್ಲೋಸ್ ದೊರೆಯು ಸ್ಪೇನನ್ನು 1759ರಿಂದ 1788ರವರೆಗೆ ಆಳಿದನೆನ್ನುವಲ್ಲಿ ಅವಧಿಯು ದೀರ್ಘವಾದರೂ, ಆಳ್ವಿಕೆಯನ್ನು ಮುಗಿದುದಾಗಿ ಸಮಗ್ರವಾಗಿ ಕಾಣುವುದರಿಂದ ‘ರೆಯ್ನೊ’ ಎಂಬ ಪೂರ್ಣರೂಪವೇ ಸಾಧು. ಅವನು ಆಳುತ್ತಿದ್ದಾಗ ಇನ್ನೊಂದು ಸಂಗತಿ ನಡೆಯಿತೆನ್ನುವಲ್ಲಿ ಅದೇ ಕ್ರಿಯೆಯು ‘ರೆಯ್ನಾಬಾ’ ಆಗುತ್ತದೆ. ವೈಯಾಕರಣ ಆಂದ್ರೆಸ್ ಬೆಯೊ ಅವರು 1847ರಲ್ಲಿ ಈ ಅಪೂರ್ಣವನ್ನು ‘ಸಹಭೂತ’ವೆಂಬರ್ಥದ ಹೆಸರಿನಿಂದ ಕರೆದುದು ಉಚಿತವೇ ಆಗಿದೆ.

ಆಯ್ಕೆ ತಪ್ಪಿದರೆ ಅರ್ಥವೇ ಕೆಡುವುದು. ‘ಸಬಿಯಾ’ ಎಂದವನಿಗೆ ವಿಷಯವು ಮೊದಲೇ ತಿಳಿದಿತ್ತು. ‘ಸೂಪೆ’ ಎಂದವನಿಗೆ ಆಗಷ್ಟೇ ತಿಳಿಯಿತು. ಸಾಕ್ಷಿ ಹೇಳುವವನಿಗೆ ಈ ಅಂತರವು ಅಲ್ಪವೇ? ‘ಮಳೆ ಸುರಿಯಿತು’, ‘ಮಳೆ ಸುರಿಯುತ್ತಿತ್ತು’ ಎಂಬ ಭೇದವನ್ನು ಬಲ್ಲ ಕನ್ನಡಿಗನಿಗೆ ಇದು ತೀರ ಹೊಸದಲ್ಲ. ಆದುದರಿಂದ ಅಧ್ಯಾಪಕರು ‘ನಿನ್ನೆ’, ‘ದಿನವೂ’ ಮುಂತಾದ ಸೂಚಕಪದಗಳ ಪಟ್ಟಿಯನ್ನು ಕಂಠಪಾಠ ಮಾಡಿಸುವುದಕ್ಕೆ ಮೊದಲು ನುಡಿಯುವವನ ವಿವಕ್ಷೆಯನ್ನು ತಿಳಿಸಿಕೊಡುವುದು ಲೇಸು.